ಮನೆಯನ್ನೇ ಬದಲಿಸಿದ ತಂದೆ, ಆಟವನ್ನೇ ಬದಲಿಸಿದ ಮಗಳು

ಹೆಣ್ಣುಮಕ್ಕಳನ್ನು ಕಾಲೇಜಿಗೆ ಕಳುಹಿಸಬೇಕೇ ಬೇಡವೇ ಎಂಬ ಚರ್ಚೆ ನಮ್ಮ ಮನೆಗಳಲ್ಲಿ ಮುಗಿದು ಬಹುಕಾಲವಾಯಿತು. ನೇತ್ರಾವತಿಯ ದಡದ ನರಿಕೊಂಬಿನಂತಹ ಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ಬಂಟ್ವಾಳಕ್ಕೋ ಮಂಗಳೂರಿಗೋ ಮೂಡುಬಿದಿರೆಗೋ ಓದಲು ಹೋಗುವ ಹುಡುಗಿಯರನ್ನು ಕಂಡು ಈಗ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಅಂತಹ ಹುಡುಗಿಯೊಬ್ಬಳು ಒಂದು ಸಂಜೆ ಮನೆಗೆ ಬಂದು, “ಅಪ್ಪಾ, ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ನನ್ನನ್ನು ಆರಿಸಿದ್ದಾರೆ. ನಾಳೆಯಿಂದ ಅಭ್ಯಾಸ ಮುಗಿಸಿ ಬರುವಾಗ ಕತ್ತಲಾಗಬಹುದು” ಎಂದಳೆನ್ನಿ, ಮನೆಯಲ್ಲಿ ಒಂದು ಕ್ಷಣ ಮೌನ ಕವಿಯುತ್ತದೆ. ಓದಿಗೆ ಅಡ್ಡಿಯಾಗದೇ? ಪರವೂರಿಗೆ ಪಂದ್ಯಕ್ಕೆ ಹೋದರೆ ನೋಡಿಕೊಳ್ಳುವವರಾರು? ಇದರಿಂದ ಕೊನೆಗೆ ಬರುವ ಫಲವೇನು?

ಈ ಪ್ರಶ್ನೆಗಳನ್ನು ಹಳೆಯ ಕಾಲದವೆಂದು ನಗೆಯಾಡುವುದು ಸಲ್ಲದು. ಅವು ಹುಟ್ಟುವುದು ಮಗಳ ಮೇಲಿನ ಕಾಳಜಿಯಿಂದಲೇ. ಅವೆಲ್ಲದರ ಮೂಲದಲ್ಲಿರುವುದು ಒಂದೇ ಪ್ರಶ್ನೆ: ನಮ್ಮ ಮಗಳನ್ನು ಯಾರ ಕೈಗೆ ಒಪ್ಪಿಸುತ್ತಿದ್ದೇವೆ? ಈ ಪ್ರಶ್ನೆಗೆ ತಮ್ಮ ಬದುಕಿನಿಂದಲೇ ಉತ್ತರ ಕೊಟ್ಟವರು ಅಮೆರಿಕದ ಟೆನೆಸ್ಸೀ ವಿಶ್ವವಿದ್ಯಾಲಯದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡದ ಮುಖ್ಯ ತರಬೇತುದಾರರಾಗಿದ್ದ ಪ್ಯಾಟ್ ಸಮ್ಮಿಟ್. ದೇಶ ದೂರದ್ದಾದರೂ ಅವರ ಚರಿತ್ರೆ ನಮ್ಮ ಮನೆಯಂಗಳಕ್ಕೆ ಹತ್ತಿರವಾದುದು. ಏಕೆಂದರೆ ಅದು ಆರಂಭವಾಗುವುದೇ ಒಂದು ರೈತ ಕುಟುಂಬದಲ್ಲಿ.

ಹುಲ್ಲಿನ ಅಟ್ಟದ ಮೇಲಿನ ಆಟ

ಪೆಟ್ರೀಷಿಯಾ ಸ್ಯೂ ಹೆಡ್ ಜನಿಸಿದ್ದು ೧೯೫೨ರ ಜೂನ್ ೧೪ರಂದು, ಟೆನೆಸ್ಸೀ ರಾಜ್ಯದ ಕ್ಲಾರ್ಕ್ಸ್‌ವಿಲ್‌ನಲ್ಲಿ. ತಂದೆ ರಿಚರ್ಡ್ ಹೆಡ್, ತಾಯಿ ಹೇಝೆಲ್. ಮನೆಯಲ್ಲಿ ಹಸುಗಳಿದ್ದವು, ಹೊಲದಲ್ಲಿ ಹೊಗೆಸೊಪ್ಪಿತ್ತು. ಮೂವರು ಅಣ್ಣಂದಿರು, ಒಬ್ಬ ತಂಗಿ. ಹೊಲದ ದುಡಿಮೆಯಲ್ಲಿ ಗಂಡುಮಕ್ಕಳಿಗೊಂದು, ಹೆಣ್ಣುಮಕ್ಕಳಿಗೊಂದು ಎಂಬ ಲೆಕ್ಕವನ್ನು ತಂದೆ ಇಟ್ಟುಕೊಂಡವರಲ್ಲ. ಹಗಲಿನ ಕೆಲಸ ಮುಗಿದ ಮೇಲೆ ರಾತ್ರಿ ಕೊಟ್ಟಿಗೆಯ ಹುಲ್ಲಿನ ಅಟ್ಟದಲ್ಲಿ ಅಣ್ಣಂದಿರ ಜೊತೆ ಈ ಬಾಲಕಿಯ ಬ್ಯಾಸ್ಕೆಟ್‌ಬಾಲ್ ಆಟ ನಡೆಯುತ್ತಿತ್ತು.

ಪ್ರೌಢಶಾಲೆಗೆ ಸೇರುವ ಹೊತ್ತಿಗೆ ಒಂದು ತೊಡಕು ಎದುರಾಯಿತು. ಆ ಊರಿನ ಪ್ರೌಢಶಾಲೆಯಲ್ಲಿ ಹುಡುಗಿಯರ ತಂಡವೇ ಇರಲಿಲ್ಲ. ‘ಆಟ ಬಿಡು, ಓದು ಸಾಕು’ ಎಂದು ಹೇಳುವುದು ಸುಲಭವಾಗಿತ್ತು. ತಂದೆ ಹಾಗೆ ಹೇಳಲಿಲ್ಲ. ಹುಡುಗಿಯರ ತಂಡವಿದ್ದ ನೆರೆಯ ಜಿಲ್ಲೆಯ ಹೆನ್ರಿಯೆಟ್ಟಾ ಎಂಬ ಸಣ್ಣ ಊರಿಗೆ ಇಡೀ ಸಂಸಾರವನ್ನೇ ಸಾಗಿಸಿದರು. ಮಾತು ಕಡಿಮೆಯ, ಶಿಸ್ತು ಹೆಚ್ಚಿನ, ಮುದ್ದು ಮಾಡಲು ಬಾರದ ರೈತನೊಬ್ಬ ಮಗಳ ಮೇಲಿನ ವಿಶ್ವಾಸವನ್ನು ತೋರಿದ ಬಗೆ ಇದು.

ಮುಂದೆ ಮಾರ್ಟಿನ್ ನಗರದ ಕಾಲೇಜು. ಅಣ್ಣಂದಿರಿಗೆ ಆಟದ ಬಲದಿಂದ ವಿದ್ಯಾರ್ಥಿವೇತನ ದೊರೆತಿತ್ತು. ಹುಡುಗಿಯರಿಗೆ ಅಂತಹ ವೇತನ ಆಗ ಇರಲಿಲ್ಲವಾದ್ದರಿಂದ ಮಗಳ ಶುಲ್ಕವನ್ನು ತಂದೆತಾಯಿಗಳೇ ಭರಿಸಿದರು. ಅವರು ಅಲ್ಲಿ ಓದುತ್ತಿದ್ದಾಗಲೇ, ೧೯೭೨ರಲ್ಲಿ, ಅಮೆರಿಕದಲ್ಲಿ ‘ಟೈಟಲ್ ನೈನ್’ ಎಂಬ ಕಾನೂನು ಬಂದಿತು. ಕೇಂದ್ರ ಸರ್ಕಾರದ ನೆರವು ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಹೆಣ್ಣು ಗಂಡೆಂಬ ಭೇದ ಸಲ್ಲದೆಂದು ವಿಧಿಸಿದ ಆ ಕಾನೂನು ಮುಂದೆ ಕ್ರೀಡಾಂಗಣದ ಬಾಗಿಲನ್ನೂ ತೆರೆಯಿತು. ಆದರೆ ಬಾಗಿಲು ತೆರೆದರಷ್ಟೇ ಸಾಲದು. ಒಳಗೆ ಬಂದವರನ್ನು ಕೈಹಿಡಿದು ನಡೆಸುವವರೂ ಬೇಕು.

ತಿಂಗಳಿಗೆ ಇನ್ನೂರೈವತ್ತು ಡಾಲರು

೧೯೭೪ರಲ್ಲಿ ಪ್ಯಾಟ್ ಸ್ನಾತಕೋತ್ತರ ವ್ಯಾಸಂಗಕ್ಕಾಗಿ ನಾಕ್ಸ್‌ವಿಲ್‌ನ ಟೆನೆಸ್ಸೀ ವಿಶ್ವವಿದ್ಯಾಲಯಕ್ಕೆ ಬಂದರು. ಒಪ್ಪಿಕೊಂಡಿದ್ದುದು ಸಹಾಯಕ ತರಬೇತುದಾರರ ಕೆಲಸವನ್ನು. ಅಷ್ಟರಲ್ಲಿ ಮುಖ್ಯ ತರಬೇತುದಾರರು ಸ್ಥಾನ ತೆರವು ಮಾಡಿದ್ದರಿಂದ, ಇಪ್ಪತ್ತೆರಡರ ಹರೆಯದಲ್ಲಿಯೇ ಇಡೀ ತಂಡದ ಹೊಣೆ ಅವರ ಹೆಗಲೇರಿತು. ಸಂಬಳ ತಿಂಗಳಿಗೆ ೨೫೦ ಡಾಲರು. ಕೆಲವು ಆಟಗಾರ್ತಿಯರು ಅವರಿಗಿಂತ ಒಂದೇ ವರ್ಷಕ್ಕೆ ಚಿಕ್ಕವರು. ಪರವೂರಿನ ಪಂದ್ಯಕ್ಕೆ ವ್ಯಾನನ್ನು ಅವರೇ ಓಡಿಸಬೇಕು, ಬೆವರಿದ ಸಮವಸ್ತ್ರಗಳನ್ನು ಅವರೇ ಒಗೆಯಬೇಕು. ಆ ಸಮವಸ್ತ್ರಗಳಾದರೂ ಹಿಂದಿನ ವರ್ಷ ಡೋನಟ್ ಎಂಬ ಸಿಹಿತಿಂಡಿಯನ್ನು ಮಾರಿ ಕೂಡಿಸಿದ ಹಣದಿಂದ ಕೊಂಡಂಥವು. ಇದರ ನಡುವೆ ತಮ್ಮ ಓದು, ಪಾಠ ಹೇಳುವುದು, ಗಾಯಗೊಂಡ ಮೊಣಕಾಲನ್ನು ಸರಿಪಡಿಸಿಕೊಂಡು ದೇಶದ ಪರವಾಗಿ ಆಡುವ ಸಿದ್ಧತೆ.

ಮೊದಲ ಪಂದ್ಯದಲ್ಲಿ ಮರ್ಸರ್ ತಂಡದೆದುರು ಒಂದೇ ಒಂದು ಅಂಕದಿಂದ, ೮೪-೮೩ರಲ್ಲಿ, ಸೋಲು. ಮೊದಲ ಗೆಲುವು ಬಂದದ್ದು ೧೯೭೫ರ ಜನವರಿಯಲ್ಲಿ. ಮರುವರ್ಷ ಮಾಂಟ್ರಿಯಲ್‌ನಲ್ಲಿ ಮಹಿಳೆಯರ ಬ್ಯಾಸ್ಕೆಟ್‌ಬಾಲ್ ಮೊದಲ ಬಾರಿಗೆ ಒಲಿಂಪಿಕ್ಸ್ ಸೇರಿದಾಗ ಅವರು ಅಮೆರಿಕ ತಂಡದ ಇಬ್ಬರು ನಾಯಕಿಯರಲ್ಲೊಬ್ಬರಾಗಿ ಆಡಿ ಬೆಳ್ಳಿಯ ಪದಕ ತಂದರು. ೧೯೮೪ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಅವರು ತರಬೇತಿ ನೀಡಿದ ಅಮೆರಿಕ ತಂಡ ಚಿನ್ನ ಗೆದ್ದಿತು.

ಅರ್ಧ ಅಂಕಣದ ಕಟ್ಟು

ಇಲ್ಲಿ ಆಟದ ಹಿನ್ನೆಲೆಯನ್ನು ಕೊಂಚ ತಿಳಿಯಬೇಕು. ಹತ್ತು ಅಡಿ ಎತ್ತರದ ಬಳೆಯೊಳಗೆ ಚೆಂಡನ್ನು ಹಾಕುವ ಈ ಆಟವನ್ನು ಜೇಮ್ಸ್ ನೇಸ್ಮಿತ್ ರೂಪಿಸಿದ್ದು ೧೮೯೧ರ ಡಿಸೆಂಬರಿನಲ್ಲಿ, ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ. ಮರುವರ್ಷವೇ ಸ್ಮಿತ್ ಕಾಲೇಜಿನ ಶಿಕ್ಷಕಿ ಸೆಂಡಾ ಬೆರೆನ್ಸನ್ ಅದನ್ನು ತಮ್ಮ ವಿದ್ಯಾರ್ಥಿನಿಯರಿಗೆ ಕಲಿಸಿದರು. ಹೆಣ್ಣುಮಕ್ಕಳಿಗೆ ಆಯಾಸವಾಗಬಾರದು, ನೂಕಾಟವಾಗಬಾರದು ಎಂಬ ಅಂದಿನ ಭಾವನೆಗೆ ತಕ್ಕಂತೆ ಅಂಕಣವನ್ನು ಮೂರು ಭಾಗ ಮಾಡಿ, ಯಾರೂ ತಮ್ಮ ಭಾಗದ ಗೆರೆ ದಾಟಬಾರದೆಂದು ನಿಯಮವಿಟ್ಟರು. ಅಂದಿಗೆ ಅದು ಮುನ್ನಡೆಯ ಹೆಜ್ಜೆಯೇ ಸರಿ. ಆದರೆ ಆ ಗೆರೆಯ ನೆರಳು ಬಹುಕಾಲ ಉಳಿಯಿತು. ಟೆನೆಸ್ಸೀ ರಾಜ್ಯದ ಪ್ರೌಢಶಾಲೆಗಳಲ್ಲಿ ೧೯೭೦ರ ದಶಕದ ಕೊನೆಯವರೆಗೂ ಹುಡುಗಿಯರು ಆರಾರು ಮಂದಿಯಾಗಿ ಅರ್ಧ ಅಂಕಣದಲ್ಲಷ್ಟೇ ಆಡುತ್ತಿದ್ದರು: ಮೂವರು ಬರೀ ಚೆಂಡು ಹಾಕುವವರು, ಮೂವರು ಬರೀ ತಡೆಯುವವರು.

ಅರ್ಧ ಆಟ ಕಲಿತವಳು ಕಾಲೇಜಿಗೆ ಬಂದು ಪೂರ್ಣ ಆಟ ಆಡುವುದೆಂತು? ಪ್ಯಾಟ್ ಈ ಪದ್ಧತಿಯನ್ನು ಬಹಿರಂಗವಾಗಿ ವಿರೋಧಿಸಿದರು. ಕೊನೆಗೂ ನಿಯಮ ಬದಲಾಯಿತು. ರಾಜ್ಯದ ಹುಡುಗಿಯರಿಗೆ ಇಡೀ ಅಂಕಣ ದೊರೆಯಿತು.

ಮೊದಲ ಮೂರು ಸಾಲುಗಳಲ್ಲಿ ಕುಳಿತವರು

ಅವರ ಶಿಸ್ತು ಪ್ರಸಿದ್ಧವಾದುದು. ತಪ್ಪು ಮಾಡಿದವರನ್ನು ಅವರು ದಿಟ್ಟಿಸಿ ನೋಡುತ್ತಿದ್ದ ನೋಟವೇ ಅಲ್ಲಿ ಒಂದು ಕಥೆಯಾಗಿತ್ತು. ಅಭ್ಯಾಸದಲ್ಲಿ ಹುಡುಗಿಯರ ಎದುರಿಗೆ ಹುಡುಗರನ್ನೇ ಆಡಿಸುತ್ತಿದ್ದರು, ಪಂದ್ಯದ ದಿನ ಎದುರಾಳಿ ಹಗುರವೆನಿಸಲೆಂದು. ಆದರೆ ಪಾಲಕರು ಗಮನಿಸಬೇಕಾದ ನಿಯಮ ಅಂಕಣದ ಹೊರಗಿನದು. ಅವರ ಆಟಗಾರ್ತಿಯರು ತರಗತಿ ತಪ್ಪಿಸುವಂತಿರಲಿಲ್ಲ. ತರಗತಿಯಲ್ಲಿ ಹಿಂದಿನ ಬೆಂಚು ಹಿಡಿಯುವಂತೆಯೂ ಇರಲಿಲ್ಲ. ಮೊದಲ ಮೂರು ಸಾಲುಗಳಲ್ಲಿಯೇ ಕುಳಿತುಕೊಳ್ಳಬೇಕು. ಪಾಠ ತಪ್ಪಿಸಿದವರಿಗೆ ಪಂದ್ಯವಿಲ್ಲ.

ಇದರ ಫಲ ಲೆಕ್ಕಕ್ಕೆ ಸಿಕ್ಕುವಂಥದು. ಮೂವತ್ತೆಂಟು ಋತುಗಳಲ್ಲಿ ಅವರ ತಂಡ ಗೆದ್ದ ಪಂದ್ಯಗಳು ೧,೦೯೮, ಸೋತವು ೨೦೮. ೧೯೮೭ರಿಂದ ೨೦೦೮ರವರೆಗೆ ಎಂಟು ಬಾರಿ ರಾಷ್ಟ್ರೀಯ ಕಾಲೇಜು ಪ್ರಶಸ್ತಿ. ೧೯೯೭-೯೮ರಲ್ಲಿ ಆಡಿದ ೩೯ ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. ಇವೆಲ್ಲ ದೊಡ್ಡ ಅಂಕಿಗಳೇ. ಆದರೆ ಇವೆಲ್ಲಕ್ಕಿಂತ ದೊಡ್ಡದು ಇನ್ನೊಂದಿದೆ: ಅವರ ಬಳಿ ತಮ್ಮ ಪೂರ್ಣ ಅವಧಿಯನ್ನು ಆಡಿ ಮುಗಿಸಿದ ಆಟಗಾರ್ತಿಯರಲ್ಲಿ ಪ್ರತಿಯೊಬ್ಬರೂ ಪದವಿ ಪಡೆದರು. ಒಬ್ಬರೂ ಹೊರಗುಳಿಯಲಿಲ್ಲ.

ತಮೀಕಾ ಕ್ಯಾಚಿಂಗ್ಸ್ ಎಂಬ ಆಟಗಾರ್ತಿಗೆ ಹುಟ್ಟಿನಿಂದಲೇ ಶ್ರವಣದೋಷ. ಬಾಲ್ಯದಲ್ಲಿ ಸಹಪಾಠಿಗಳ ಅಪಹಾಸ್ಯಕ್ಕೆ ನೊಂದು ಶ್ರವಣಯಂತ್ರವನ್ನು ತೊರೆದಿದ್ದವರು. ಪ್ಯಾಟ್ ಅವರು ಆಕೆಯ ಆಟವನ್ನು ಮೆಚ್ಚಿ ಸುಮ್ಮನಾಗಲಿಲ್ಲ. ಯಂತ್ರವನ್ನು ಮತ್ತೆ ಧರಿಸುವಂತೆ, ಉಚ್ಚಾರಣೆಯ ತರಬೇತಿ ಪಡೆಯುವಂತೆ ಮನವೊಲಿಸಿದರು. ಮುಂದೆ ನಾಲ್ಕು ಒಲಿಂಪಿಕ್ಸ್ ಚಿನ್ನ ಗೆದ್ದ ಕ್ಯಾಚಿಂಗ್ಸ್, ಕಿವಿ ಕೇಳಿಸದ ಮಕ್ಕಳ ಮುಂದೆ ಧೈರ್ಯವಾಗಿ ನಿಂತು ಮಾತನಾಡುವವರಾದರು.

ಪುರುಷರ ತಂಡಕ್ಕೆ ತರಬೇತಿ ನೀಡಬನ್ನಿ ಎಂಬ ಕರೆಯೂ ಬಂದಿತ್ತು. ಅದನ್ನು ಏರಿಕೆಯೆಂದು ಅವರು ಎಣಿಸಲಿಲ್ಲ, ಒಪ್ಪಲೂ ಇಲ್ಲ. ತಾವು ಹಿಡಿದ ಕಾಯಕ ಕೆಳಗಿನದೆಂಬ ಭಾವನೆ ಅವರಲ್ಲಿರಲಿಲ್ಲ.

ಅವರ ಬದುಕೆಲ್ಲ ಅನುಕರಣೀಯವೆಂದು ಹೇಳುವುದೂ ಸತ್ಯಕ್ಕೆ ದೂರವಾದೀತು. ೧೯೯೦ರಲ್ಲಿ ತುಂಬು ಗರ್ಭಿಣಿಯಾಗಿದ್ದಾಗಲೂ ಆಟಗಾರ್ತಿಯೊಬ್ಬಳನ್ನು ತಂಡಕ್ಕೆ ಕರೆಯಲು ವಿಮಾನದಲ್ಲಿ ಪೆನ್ಸಿಲ್ವೇನಿಯಾಕ್ಕೆ ಹೋಗಿ, ಅಲ್ಲಿಯೇ ಹೆರಿಗೆಯ ನೋವು ಕಾಣಿಸಿಕೊಂಡು, ಮಗು ತಮ್ಮ ರಾಜ್ಯದಲ್ಲಿಯೇ ಹುಟ್ಟಬೇಕೆಂಬ ಹಟದಿಂದ ಮರಳಿದರು. ಮಗ ಟೈಲರ್ ಜನಿಸಿದ್ದು ನಾಕ್ಸ್‌ವಿಲ್‌ನಲ್ಲಿಯೇ. ಇಂತಹ ತೀವ್ರತೆಗೆ ಬೆಲೆಯೂ ಇರುತ್ತದೆ. ೧೯೮೦ರಲ್ಲಿ ಆದ ಅವರ ವಿವಾಹ ೨೦೦೭ರಲ್ಲಿ ವಿಚ್ಛೇದನದ ಹಂತ ಮುಟ್ಟಿತು.

ನೆನಪು ಜಾರುವಾಗ

೨೦೧೧ರಲ್ಲಿ, ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ವೈದ್ಯರು ಅವರಿಗೆ ಅಲ್ಝೈಮರ್ಸ್ ಮಾದರಿಯ ಮರೆವಿನ ರೋಗವಿದೆಯೆಂದು ತಿಳಿಸಿದರು. ನಮ್ಮಲ್ಲಿ ಮನೆಯ ಹಿರಿಯರಿಗೆ ಇಂತಹ ರೋಗ ಬಂದರೆ ‘ವಯಸ್ಸಾಯಿತು’ ಎಂದು ಹೇಳಿ ಮುಚ್ಚಿಡುವುದೇ ಹೆಚ್ಚು. ಪ್ಯಾಟ್ ಮುಚ್ಚಿಡಲಿಲ್ಲ. ಆಗಸ್ಟ್ ೨೩ರಂದು ಜಗತ್ತಿಗೆಲ್ಲ ತಿಳಿಸಿದರು. ಆಟಗಾರ್ತಿಯರಿಗೂ ತಾವೇ ಹೇಳಿದರು. ಸಹಾಯಕರಿಗೆ ಹೆಚ್ಚಿನ ಹೊಣೆ ಹಂಚಿ ಇನ್ನೊಂದು ಋತುವನ್ನು ತಂಡದೊಂದಿಗೆ ಕಳೆದರು. ಆ ವರ್ಷ ಒಂದೂ ಪಂದ್ಯ ಸೋಲದ ಬೇಲರ್ ತಂಡಕ್ಕೆ ಮಣಿದು ಅವರ ಪಯಣ ಮುಗಿಯಿತು. ೨೦೧೨ರ ಏಪ್ರಿಲ್‌ನಲ್ಲಿ ಮುಖ್ಯ ತರಬೇತುದಾರರ ಸ್ಥಾನದಿಂದ ಕೆಳಗಿಳಿದರು. ಆ ಸ್ಥಾನಕ್ಕೆ ಬಂದವರು ಹಾಲಿ ವಾರ್ಲಿಕ್. ಹಿಂದೆ ಅವರ ಶಿಷ್ಯೆಯಾಗಿ ಆಡಿ, ಬಳಿಕ ದೀರ್ಘಕಾಲ ಸಹಾಯಕರಾಗಿದ್ದವರು. ಅದೇ ವರ್ಷ ಅಧ್ಯಕ್ಷ ಒಬಾಮ ಅವರು ದೇಶದ ಅತ್ಯುಚ್ಚ ನಾಗರಿಕ ಪದಕವನ್ನಿತ್ತು ಗೌರವಿಸಿದರು. ರೋಗದ ಸಂಶೋಧನೆಗಾಗಿ ತಮ್ಮ ಹೆಸರಿನ ಪ್ರತಿಷ್ಠಾನವನ್ನು ಸ್ಥಾಪಿಸಿದ ಪ್ಯಾಟ್ ಸಮ್ಮಿಟ್ ೨೦೧೬ರ ಜೂನ್ ೨೮ರಂದು, ಅರುವತ್ತನಾಲ್ಕನೆಯ ವಯಸ್ಸಿನಲ್ಲಿ ನಿಧನ ಹೊಂದಿದರು.

ಸಾವಿರಕ್ಕೂ ಮಿಕ್ಕ ಗೆಲುವುಗಳನ್ನು ಕಂಡ ಮನಸ್ಸಿನಿಂದ ಅವೆಲ್ಲ ಒಂದೊಂದಾಗಿ ಅಳಿಸಿಹೋದವೆಂದು ನೆನೆದರೆ ಕರುಳು ಚುರುಕ್ಕೆನ್ನುತ್ತದೆ. ಆದರೆ ಅವರು ಕಲಿಸಿದ್ದು ಅಳಿಯಲಿಲ್ಲ. ಅದು ಅವರ ಶಿಷ್ಯೆಯರಲ್ಲಿ, ತರಬೇತುದಾರರಾದವರಲ್ಲಿ, ತಾಯಂದಿರಾದವರಲ್ಲಿ ಉಳಿದಿದೆ.

ನಮ್ಮ ಅಂಗಳದಲ್ಲಿ

ಭಾರತಕ್ಕೆ ಈ ಆಟ ವೈ.ಎಂ.ಸಿ.ಎ. ಸಂಸ್ಥೆಯ ಮೂಲಕ ಬಂದಿತು. ೧೯೨೦ರಲ್ಲಿ ಮದರಾಸಿನಲ್ಲಿ ಹ್ಯಾರಿ ಬಕ್ ಅವರು ಆರಂಭಿಸಿದ ವ್ಯಾಯಾಮ ಶಿಕ್ಷಣ ಶಾಲೆ ದಕ್ಷಿಣದ ಊರೂರಿಗೆ ಶಿಕ್ಷಕರನ್ನು ಕಳುಹಿಸಿತು. ೨೦೧೭ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರು ಕಝಾಕ್‌ಸ್ತಾನವನ್ನು ೭೫-೭೩ರಲ್ಲಿ ಸೋಲಿಸಿ ಏಷ್ಯಾ ಕಪ್‌ನ ಎರಡನೆಯ ಶ್ರೇಣಿಯಿಂದ ಮೊದಲನೆಯ ಶ್ರೇಣಿಗೆ ಏರಿದರು. ಬೆಂಗಳೂರಿನ ಸಂಜನಾ ರಮೇಶ್ ಇದೇ ಆಟದ ಬಲದಿಂದ ಅಮೆರಿಕದ ನಾರ್ದರ್ನ್ ಅರಿಝೋನಾ ವಿಶ್ವವಿದ್ಯಾಲಯವನ್ನು ಸೇರಿದರು. ನಮ್ಮ ಮೂಡುಬಿದಿರೆಯಲ್ಲಿಯೇ ಆಳ್ವಾಸ್ ವಿದ್ಯಾಸಂಸ್ಥೆಗಳು ಕ್ರೀಡಾಪಟುಗಳನ್ನು ದತ್ತು ಪಡೆದು ಉಚಿತ ಶಿಕ್ಷಣ ನೀಡುವ ಪದ್ಧತಿಯನ್ನು ನಡೆಸಿಕೊಂಡು ಬಂದಿವೆ. ಆಟ ಓದಿನ ಶತ್ರುವಲ್ಲ, ಓದಿನ ದಾರಿಯೂ ಆಗಬಲ್ಲದೆಂಬುದಕ್ಕೆ ದೂರದ ಸಾಕ್ಷಿಯನ್ನೇ ಅರಸಬೇಕಾಗಿಲ್ಲ.

ಆದುದರಿಂದ ಮಗಳು ತಂಡಕ್ಕೆ ಆಯ್ಕೆಯಾದೆನೆಂದು ಹೇಳಿದಾಗ ಪಾಲಕರು ಪ್ರಶ್ನೆ ಕೇಳಲೇಬೇಕು. ಆದರೆ ಅದನ್ನು ಮಗಳಿಗೆ ಕೇಳಿ ಬಾಯಿ ಮುಚ್ಚಿಸುವುದಲ್ಲ. ಒಂದು ದಿನ ಬಿಡುವು ಮಾಡಿಕೊಂಡು ಕಾಲೇಜಿನ ಮೈದಾನಕ್ಕೆ ಹೋಗಿ ತರಬೇತುದಾರರನ್ನೇ ಕೇಳಬೇಕು. ಪಾಠ ತಪ್ಪಿಸಿದವಳನ್ನು ಆಡಿಸುತ್ತೀರಾ? ಪರವೂರಿಗೆ ಹೋದಾಗ ಜೊತೆಗೆ ಯಾವ ಶಿಕ್ಷಕಿ ಬರುತ್ತಾರೆ? ಗಾಯವಾದರೆ ಏನು ವ್ಯವಸ್ಥೆ? ಈ ಮಾತುಗಳಿಗೆ ನೆಟ್ಟಗೆ ಉತ್ತರಿಸುವ ತರಬೇತುದಾರರು ಸಿಕ್ಕರೆ ಮಗಳನ್ನು ನಿಶ್ಚಿಂತೆಯಿಂದ ಒಪ್ಪಿಸಬಹುದು. ಬಸ್ಸು ತಪ್ಪಿದ ಸಂಜೆ ತಂದೆಯೋ ಅಣ್ಣನೋ ಬಸ್ ನಿಲ್ದಾಣದವರೆಗೆ ಹೋಗಿ ಕರೆತಂದರಾಯಿತು.

ರಿಚರ್ಡ್ ಹೆಡ್ ಮಗಳಿಗಾಗಿ ಮನೆಯನ್ನೇ ಬದಲಿಸಿದರು. ನಮ್ಮಿಂದ ಕೇಳುತ್ತಿರುವುದು ಸಂಜೆಯ ಒಂದು ಗಂಟೆ ಮಾತ್ರ.