ನವಲಗುಂದ: ನಳ ಬರುವ ದಿನದ ಊರು

ನಳ ಬರುವ ದಿನ ನವಲಗುಂದದ ಓಣಿಗಳಲ್ಲಿ ಬೇರೆ ಕೆಲಸ ನಡೆಯುವುದಿಲ್ಲ. ನೀರು ಬಿಡುವವನ ಬೈಕ್ ಓಣಿಯ ತುದಿಯಲ್ಲಿ ಕಂಡರೆ ಸಾಕು, ಸುದ್ದಿ ಕಟ್ಟೆಯಿಂದ ಕಟ್ಟೆಗೆ ಹಾರುತ್ತದೆ. ರೊಟ್ಟಿ ತಟ್ಟುತ್ತಿದ್ದವಳು ಹಂಚು ಇಳಿಸುತ್ತಾಳೆ. ಸಾಲಿಗೆ ಹೊರಟ ಹುಡುಗ ಚೀಲ ಇಳಿಸಿ ಪೈಪಿನ ತುದಿ ಹಿಡಿಯುತ್ತಾನೆ. ಮೊದಲು ಕುಡಿಯುವ ನೀರಿನ ಕೊಡ, ಆಮೇಲೆ ಬ್ಯಾರಲ್ಲು, ಆಮೇಲೆ ನೆಲದೊಳಗಿನ ಹೌದು, ಕೊನೆಗೆ ಬಕೆಟ್ಟು, ಬೋಗುಣಿ, ಹಬ್ಬಕ್ಕೆಂದು ಎತ್ತಿಟ್ಟಿದ್ದ ದೊಡ್ಡ ಪಾತೇಲಿ. ನೀರು ನಿಲ್ಲುವ ಹೊತ್ತಿಗೆ ಮನೆಯಲ್ಲಿ ಬರಿದಾದ ಪಾತ್ರೆ ಒಂದೂ ಇರಕೂಡದು.

ವಾಲ್ವ್ ತಿರುವುವವನಿಗೆ ಮಾತು ಹೆಚ್ಚು. ಕಬ್ಬಿಣದ ಕೀಲಿಯನ್ನು ಗುಂಡಿಗೆ ಇಳಿಸುತ್ತಲೇ ಅವನ ವಿವರಣೆ ಶುರು. ‘ಕೆರ್‍ಯಾಗ ನೀರ ಇದ್ರ ಕರೆಂಟ್ ಇರಂಗಿಲ್ಲ, ಕರೆಂಟ್ ಇದ್ರ ಮೋಟರ್ ಸುಟ್ಟಿರತೈತಿ, ಎಲ್ಲಾ ಸರಿ ಇದ್ರ ಪೈಪ್ ಒಡದಿರತೈತ್ರಿ. ಮಂದಿ ಬೈಯೂದು ನನಗ.’ ಕಟ್ಟೆಯ ಮೇಲಿಂದ ಒಬ್ಬಾಕೆ, ‘ಯಣ್ಣಾ, ಇನ್ನೊಂದೀಟ ಹೊತ್ತ ಬಿಡೋ, ಬ್ಯಾರಲ್ ಅರ್ಧಾ ಆಗೇತಿ’ ಎಂದಳು. ‘ಹಿಂದಿನ ಓಣಿಯಾವ್ರು ಕಾಯಾಕತ್ತಾರ್ರೀ ಅಕ್ಕಾರ’ ಎಂದವನು ಕೀಲಿ ಮಾತ್ರ ತಿರುವಲಿಲ್ಲ, ಇನ್ನಷ್ಟು ಹೊತ್ತು ನಿಂತ. ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರ ಮನೆಯಲ್ಲಿ ಮದುವೆ ಇದೆ, ಯಾರಿಗೆ ಜ್ವರ ಬಂದಿದೆ ಎನ್ನುವುದೆಲ್ಲ ಅವನಿಗೆ ಗೊತ್ತು. ಊರಿನ ಆರೋಗ್ಯದ ಬಗ್ಗೆ ಯಾರನ್ನಾದರೂ ಕೇಳಬೇಕೆಂದರೆ ಮೊದಲು ಕೇಳಬೇಕಾದವನು ಇವನೇ ಎನ್ನಿಸುವಷ್ಟು.

ನೀರಿಗೆ ಇಷ್ಟು ಪರದಾಟ ಏಕೆಂದು ತಿಳಿಯಲು ಕಾಲ ಕೆಳಗಿನ ಮಣ್ಣು ನೋಡಬೇಕು. ಕಡಲೆ, ಹತ್ತಿ, ಜೋಳ, ಗೋಧಿಗೆ ಹೇಳಿ ಮಾಡಿಸಿದ ಎರೆ ಭೂಮಿ ಇದು. ಆದರೆ ಅದರ ಅಡಿಯ ನೀರು ಸವಳು. ಬೋರ್ ಕೊರೆದರೂ ಬಾಯಿಗಿಡುವಂಥ ನೀರು ಸಿಗುವುದು ಅಪರೂಪ. ಅದಕ್ಕೇ ಊರು ನೀಲಮ್ಮನ ಕೆರೆ, ಚನ್ನಮ್ಮನ ಕೆರೆಗಳನ್ನು ನಂಬಿದೆ. ಆ ಕೆರೆಗಳು ನಂಬಿರುವುದು ಮಲಪ್ರಭಾ ಬಲದಂಡೆ ಕಾಲುವೆಯನ್ನು, ಕಾಲುವೆ ನಂಬಿರುವುದು ಸವದತ್ತಿ ಬಳಿಯ ನವಿಲುತೀರ್ಥದ ಅಣೆಕಟ್ಟನ್ನು. ಎಲ್ಲೋ ಖಾನಾಪುರದ ಕಾಡಿನಲ್ಲಿ ಮಳೆ ಸರಿಯಾಗಿ ಬೀಳದಿದ್ದರೆ ಇಲ್ಲಿ ನಳ ಬರುವ ದಿನಗಳ ನಡುವಿನ ಅಂತರ ಹಿಗ್ಗುತ್ತದೆ. ಬೇಸಿಗೆಯಲ್ಲಂತೂ ಹೇಳಬೇಕಾಗಿಲ್ಲ.

ಊರಿನ ಪರಿಚಯ ಕೇಳಿದರೆ ಯಾರಾದರೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ನವಿಲುಗಳಿದ್ದ ಗುಡ್ಡದಿಂದ ಬಂದ ಹೆಸರು, ಅಜಾತ ನಾಗಲಿಂಗ ಸ್ವಾಮಿಗಳ ಮಠ, ಹೋಳಿಯಲ್ಲಿ ಹರಕೆ ಹೊತ್ತವರ ಸಾಲು ಕಾಣುವ ರಾಮಲಿಂಗ ಕಾಮಣ್ಣ, ಹುಬ್ಬಳ್ಳಿ–ವಿಜಯಪುರ ಹೆದ್ದಾರಿ, ಪುರಸಭೆ, 2011ರ ಜನಗಣತಿಯಂತೆ ಇಪ್ಪತ್ತೈದು ಸಾವಿರದ ಆಸುಪಾಸು ಜನ. ನಡುವೆ ದನಿ ಏರುವುದು 1980ರ ಜುಲೈ 21ರ ಮಾತು ಬಂದಾಗ. ಕಾಲುವೆಯ ನೀರು ಹೊಲಕ್ಕೆ ಮುಟ್ಟುವ ಮೊದಲೇ ಬೆಟರ್‌ಮೆಂಟ್ ಲೆವಿ ಎಂಬ ಕರ ಕೇಳಿದ್ದಕ್ಕೆ ರೈತರು ಎದ್ದುನಿಂತರು, ಗೋಲಿಬಾರ್ ಆಯಿತು, ರೈತ ಸತ್ತ. ನರಗುಂದ–ನವಲಗುಂದ ಎಂಬ ಜೋಡಿ ಹೆಸರು ಕರ್ನಾಟಕದ ರಾಜಕೀಯದಲ್ಲಿ ನಿಂತದ್ದು ಹಾಗೆ. ಮಹದಾಯಿ ನದಿಯ ನೀರಿಗಾಗಿ ವರ್ಷಗಟ್ಟಲೆ ಧರಣಿ ಕೂತದ್ದೂ ಇವೇ ಊರುಗಳು. ಆ ನದಿಯ ವ್ಯಾಜ್ಯ ಕೇಳಿದ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕಳಸಾ–ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ 3.9 ಟಿಎಂಸಿ ಅಡಿ ನೀರು ಕೊಟ್ಟಿತು, ಕುಡಿಯುವ ನೀರೆಂದೇ ಕೊಟ್ಟಿತು. ಅರಣ್ಯ, ವನ್ಯಜೀವಿ ಅನುಮತಿಗಳ ತೊಡಕಿನಲ್ಲಿ ಕಾಮಗಾರಿ ಸಿಕ್ಕಿಕೊಂಡಿತು.

ಆದರೆ ನಳ ಬಂದ ಆ ದಿನ ಕಣ್ಣು ಹಿಡಿದು ನಿಲ್ಲಿಸಿದ್ದು ಬ್ಯಾರಲ್ಲುಗಳು. ನೀಲಿ ಪ್ಲಾಸ್ಟಿಕ್ಕಿನವು, ತುಕ್ಕು ಹಿಡಿದ ತಗಡಿನವು, ಬಾಯಿಗೆ ಸೀರೆಯ ತುಂಡು ಕಟ್ಟಿದವು, ಏನೂ ಕಟ್ಟದವು. ಬಾಗಿಲ ಬಳಿ, ಬಚ್ಚಲ ಮಗ್ಗುಲಲ್ಲಿ, ಮೆಟ್ಟಿಲ ಕೆಳಗೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಗಟಾರದ ಕೊಳಕು ಬೇಕಾಗಿಲ್ಲ. ಅದಕ್ಕೆ ಬೇಕಾದದ್ದು ಇಂಥ ತಿಳಿನೀರು, ಅಲುಗಾಡದ ನೀರು. ಮೊಟ್ಟೆ ಸೊಳ್ಳೆಯಾಗಲು ಸೆಕೆಯ ದಿನಗಳಲ್ಲಿ ಒಂದು ವಾರ, ಹತ್ತು ದಿನ ಸಾಕು. ನಳದ ಸರದಿಯೂ ಹೆಚ್ಚುಕಡಿಮೆ ಅಷ್ಟೇ ದೂರ ಹೋದರೆ, ಒಂದು ಸರದಿಯಲ್ಲಿ ತುಂಬಿದ ನೀರು ಇನ್ನೊಂದು ಸರದಿಯೊಳಗೆ ಒಂದು ಪೀಳಿಗೆ ಸೊಳ್ಳೆಯನ್ನು ಸಾಕಿ ಹಾರಿಸಿಬಿಡುತ್ತದೆ. ಬ್ಯಾರಲ್ ಖಾಲಿ ಮಾಡಿದರೂ ಗೋಡೆಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಒಣಗಿ ಬದುಕಿರುತ್ತದೆ, ನೀರು ಮುಟ್ಟಿದೊಡನೆ ಒಡೆಯುತ್ತದೆ. ಅದಕ್ಕೇ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು, ಬರೇ ಚೆಲ್ಲಿದರೆ ಆಗದು, ಒಳಗೋಡೆ ತಿಕ್ಕಿ ತೊಳೆಯಿರಿ ಎನ್ನುತ್ತಾರೆ. ನೀರಿಗೇ ಬರವಿರುವ ಮನೆಯಲ್ಲಿ ಬ್ಯಾರಲ್ ತೊಳೆಯಲು ಎರಡು ಬಕೆಟ್ ಚೆಲ್ಲಿ ಎಂದು ಹೇಳುವುದು ಎಷ್ಟು ಕಷ್ಟವೆಂದು ಹೇಳುವ ಅವರಿಗೇ ಗೊತ್ತು. ಅವರ ಮನೆಯಲ್ಲೂ ಬ್ಯಾರಲ್ಲುಗಳಿವೆ.

ಈ ಈಡಿಸ್ ಸೊಳ್ಳೆಯ ತವರು ಆಫ್ರಿಕಾ. ಮನುಷ್ಯರು ಕೂಡಿಟ್ಟ ನೀರಿಗೆ ಒಗ್ಗಿಕೊಂಡು, ಹಡಗುಗಳ ಜೊತೆ ಲೋಕವೆಲ್ಲ ಸುತ್ತಿ ಬಂದದ್ದು. ಈಗ ಪ್ರಯಾಣ ಎದುರು ದಿಕ್ಕಿನಲ್ಲೂ ನಡೆದಿದೆ. ನಮ್ಮ ಪೇಟೆಗಳ ಹೌದು, ಮಾಳಿಗೆ ಟಾಕಿ, ಕಟ್ಟಡ ಕೆಲಸದ ತೊಟ್ಟಿಗಳಲ್ಲಿ ಹುಟ್ಟಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಸೊಳ್ಳೆ 2012ರಲ್ಲಿ ಜಿಬೂಟಿಯಲ್ಲಿ ಕಾಣಿಸಿಕೊಂಡಿತು. ಅಲ್ಲಿಂದಾಚೆ ಇಥಿಯೋಪಿಯಾ, ಸುಡಾನ್, ನೈಜೀರಿಯಾಗಳಲ್ಲೂ ಅದು ಪತ್ತೆಯಾಗಿದೆ. ಆಫ್ರಿಕಾದಲ್ಲಿ ಮಲೇರಿಯಾ ಹೆಚ್ಚಾಗಿ ಹಳ್ಳಿಯ ರೋಗವಾಗಿತ್ತು. ಈ ಸೊಳ್ಳೆ ಅದನ್ನು ಪೇಟೆಗೆ ತಂದಿತು. 2022ರಲ್ಲಿ ಇಥಿಯೋಪಿಯಾದ ದಿರೆ ದಾವಾ ನಗರದಲ್ಲಿ, ಅದೂ ಮಳೆಯಿಲ್ಲದ ದಿನಗಳಲ್ಲಿ ಮಲೇರಿಯಾ ಎದ್ದಾಗ ಸಂಶೋಧಕರ ಬೆರಳು ಹೋದದ್ದು ವಿಶ್ವವಿದ್ಯಾಲಯದ ಹಾಸ್ಟೆಲ್ ಮತ್ತು ಓಣಿಗಳ ನೀರಿನ ತೊಟ್ಟಿಗಳ ಕಡೆಗೆ. ಮರುವರ್ಷ ಬುರ್ಕಿನಾ ಫಾಸೋದ ವಾಗಡುಗು ನಗರ ಡೆಂಗಿಯಿಂದ ತತ್ತರಿಸಿತು. ಬೆಳೆಯುವ ಊರಿಗೆ ಬೇಕಾದಷ್ಟು ನೀರು ನಳದಲ್ಲಿ ಬರದಿದ್ದರೆ ಜನ ಕೂಡಿಡುತ್ತಾರೆ. ಕೂಡಿಟ್ಟಲ್ಲಿ ಸೊಳ್ಳೆ ಬರುತ್ತದೆ. ದಿರೆ ದಾವಾದ ತಾಯಂದಿರಿಗೂ ನವಲಗುಂದದ ಈ ಓಣಿಯವರಿಗೂ ಪರಸ್ಪರರ ಮಾತು ಬರದಿದ್ದರೂ ಒಬ್ಬರ ಸಂಕಟ ಇನ್ನೊಬ್ಬರಿಗೆ ತಿಳಿದೀತು.

ನಳ ಬಿಟ್ಟುಬಿಟ್ಟು ಬಂದರೆ ಏನಾಗುತ್ತದೆ ಎನ್ನುವುದಕ್ಕೆ ಪುರಾವೆ ಹುಡುಕಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಬಸ್ಸು ಹತ್ತಿದರೆ ಸಿಗುವ ಹುಬ್ಬಳ್ಳಿ–ಧಾರವಾಡದಲ್ಲೇ ಅದು ದಾಖಲಾಗಿದೆ. ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ ಅಲ್ಲಿನ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಹರಿಯತೊಡಗಿತು. ಉಳಿದ ವಾರ್ಡುಗಳಿಗೆ ಹಳೆಯ ಸರದಿ. ಒಂದೇ ನಗರ, ಎರಡು ಬಗೆಯ ನಳ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಎರಡೂ ಕಡೆಯ ನೀರು ಹಿಡಿದು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಸರದಿ ನೀರಿನ ಮಾದರಿಗಳಲ್ಲಿ ನೂರಕ್ಕೆ ಸುಮಾರು 32ರಲ್ಲಿ ಮಲದ ಕುರುಹಾದ ಇ ಕೋಲಿ ಸಿಕ್ಕಿತು. ಸದಾ ಹರಿಯುವ ನಳದಲ್ಲಿ ನೂರಕ್ಕೆ ಒಂದೂ ಇಲ್ಲ. ಪೈಪಿನಲ್ಲಿ ಒತ್ತಡ ಇಲ್ಲದಾಗ ಸೋರುವ ಕಿಂಡಿಗಳಿಂದ ಹೊರಗಿನ ಗಲೀಜು ಒಳಗೆ ಸೇರುತ್ತದೆ, ನೀರು ಬಿಟ್ಟೊಡನೆ ಅದೆಲ್ಲ ಮೊದಲು ಬರುತ್ತದೆ. ನವಲಗುಂದದ ಅನುಭವಸ್ಥ ಹೆಂಗಸರು ಮೊದಲ ಕೆಂಪು ನೀರನ್ನು ಅಂಗಳಕ್ಕೆ ಬಿಟ್ಟು ಆಮೇಲೆ ಕೊಡ ಹಿಡಿಯುವುದು ಸುಮ್ಮನೆ ಅಲ್ಲ.

ಅದೇ ಅವಳಿನಗರದಲ್ಲಿ ಅಯ್ಶೆ ಎರ್ಜುಮೆನ್ ಮತ್ತು ಸಂಗಡಿಗರು ಮಕ್ಕಳಿರುವ ನಾಲ್ಕು ಸಾವಿರದಷ್ಟು ಮನೆಗಳನ್ನು ಗಮನಿಸಿ 2015ರಲ್ಲಿ ಬರೆದದ್ದು ಇನ್ನೂ ಸೂಕ್ಷ್ಮ. ಸಾಮಾನ್ಯ ಭೇದಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ 24 ಗಂಟೆ ನೀರು ಬರುವ ಕಡೆ ಟೈಫಾಯ್ಡ್ ಕಂಡ ಮನೆಗಳು ಶೇ 42ರಷ್ಟು ಕಡಿಮೆ. ರಕ್ತಭೇದಿ ಕಡಿಮೆಯಾದದ್ದು ಬಡವರ ಮನೆಗಳಲ್ಲಿ. ಉಳ್ಳವರು ಹೇಗೋ ಫಿಲ್ಟರ್ ಕೊಂಡಾರು. ನಳ ಸರಿಯಾದರೆ ಹೆಚ್ಚು ಲಾಭ ಆಗುವುದು ಕೊಳ್ಳಲಾರದವರಿಗೆ.

ಇನ್ನು ಜಮಖಾನೆಯ ಮಾತು. ನವಲಗುಂದಕ್ಕೆ ಬಂದು ಜಮಖಾನೆ ನೋಡದೆ ಹೋಗುವುದು ಸಾಧ್ಯವಿಲ್ಲ. ಈ ಊರಿನ ಬಗ್ಗೆ ಬರೆಯುವವರು ಅದರ ಬಗ್ಗೆ ಬರೆಯದೆ ಇರಬಾರದು ಕೂಡ. ಭೌಗೋಳಿಕ ಗುರುತು ಪಡೆದ ಈ ಹತ್ತಿ ಹಾಸುಗಳನ್ನು ನೇಯುವವರು ಮುಸ್ಲಿಂ ಮನೆತನಗಳ ಹೆಂಗಸರು. ಆದಿಲ್‌ಶಾಹಿ ಕಾಲದಲ್ಲಿ ವಿಜಯಪುರದ ಕಡೆಯಿಂದ ಬಂದ ಕಸುಬು ಎಂದು ಹೇಳುತ್ತಾರೆ. ಗೋಡೆಗೆ ಆತು ನಿಂತ ಮಗ್ಗ, ಅದರ ಮುಂದೆ ಕೂತ ಹೆಂಗಸು, ಬೆರಳಲ್ಲಿ ಬಣ್ಣದ ನೂಲು ತೂರಿಸಿ ಕಬ್ಬಿಣದ ಪಂಜಾದಿಂದ ಬಡಿದು ಬಡಿದು ಕೂರಿಸುವ ಕೆಲಸ. ಎದುರಿಗೆ ಚಿತ್ರದ ಹಾಳೆ ಇಲ್ಲ. ನವಿಲು, ಪಗಡೆಯ ಮನೆ, ನಮಾಜಿನ ಹಾಸಿನ ಕಮಾನು, ಎಲ್ಲ ತಲೆಯಲ್ಲೇ ಎಣಿಕೆ. ಮಗಳು ಮದುವೆಯಾಗಿ ಬೇರೆ ಊರಿಗೆ ಹೋದರೆ ವಿದ್ಯೆಯೂ ಹೋದೀತೆಂದು ಹಿಂದೆ ಸೊಸೆಗೇ ಕಲಿಸುತ್ತಿದ್ದರಂತೆ. ಈಗ ಕಲಿಯುವ ಸೊಸೆಯರೂ ಕಡಿಮೆ. ಮಗ್ಗಗಳು ಒಂದೊಂದಾಗಿ ಅಟ್ಟ ಸೇರಿವೆ.

ಒಂದು ಮನೆಯಲ್ಲಿ ಮಗ್ಗದ ಬುಡಕ್ಕೇ ಎರಡು ಬ್ಯಾರಲ್ ನಿಂತಿದ್ದವು. ಬೇರೆ ಜಾಗ ಇಲ್ಲ. ಕಿಟಕಿ ಒಂದೇ. ಸೊಳ್ಳೆಗೆಂದು ಅದನ್ನೂ ಸಂಜೆ ಮುಚ್ಚುತ್ತಾರೆ, ಆಗ ಹತ್ತಿಯ ಎಳೆಧೂಳು ಒಳಗೇ ಸುಳಿದಾಡುತ್ತದೆ. ಇಲ್ಲಿ ಮನೆಯೇ ಕಾರ್ಖಾನೆ, ಆದರೆ ಕಾರ್ಖಾನೆಯ ಬೆಳಕು–ಗಾಳಿಯ ನಿಯಮಗಳನ್ನು ಇದಕ್ಕೆ ಯಾರೂ ಹಚ್ಚುವುದಿಲ್ಲ. ಮಗ್ಗದ ಮುಂದಿದ್ದ ಹಿರಿಯಾಕೆ ಕಣ್ಣು, ಮೊಣಕಾಲು, ಬೆನ್ನು ಎಂದು ಒಂದೊಂದಾಗಿ ಮುಟ್ಟಿ ತೋರಿಸಿದಳು. ‘ಕೂತ್ರ ಏಳಾಕ ಆಗಂಗಿಲ್ರೀ, ಎದ್ರ ಕೂಡಾಕ ಆಗಂಗಿಲ್ಲ’ ಎಂದಳು. ನಳ ಬಂದ ದಿನ ಅರ್ಧ ದಿನದ ನೇಯ್ಗೆ ನಿಲ್ಲುತ್ತದೆ. ನೇಯ್ದಷ್ಟೇ ಕೂಲಿ ಇರುವ ಕೆಲಸದಲ್ಲಿ ನೀರು ಹಿಡಿಯುವ ಹೊತ್ತಿಗೂ ಒಂದು ಬೆಲೆ ಇದೆ, ಅದನ್ನು ಕೊಡುವವಳು ಅವಳು. ಹಾಸಿನ ಅಂಚಿನಲ್ಲಿ ಅವಳು ಮೂಡಿಸಿದ್ದ ನವಿಲು ಎಷ್ಟು ಚೆಲುವಾಗಿತ್ತೆಂದರೆ ಆ ಕತ್ತಲೆ ಕೋಣೆಯಲ್ಲಿ ಅದನ್ನು ನೋಡಿ ಸಂತೋಷಪಡುವುದಕ್ಕೂ ಸಂಕೋಚವಾಗುತ್ತಿತ್ತು.

ಹೊರಗೆ ಬಂದರೆ ಗಟಾರ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದರೊಳಗೆ ಹೂತ ಪೈಪಿನ ಬೆಸುಗೆಗಳು ಸಡಿಲುತ್ತವೆ, ಗಟಾರದ ಕಲ್ಲುಗಳು ವಾಲುತ್ತವೆ. ವಾಲ್ವಿನವನ ‘ಪೈಪ್ ಒಡದಿರತೈತ್ರಿ’ ಎಂಬ ಮಾತಿಗೆ ಅರ್ಥ ಇಲ್ಲಿದೆ. ಈ ಮಣ್ಣು ನೀರನ್ನು ಬೇಗ ಕೆಳಗೆ ಬಿಡದ ಕಾರಣ ಶೌಚದ ಗುಂಡಿಗಳು ಇಂಗದೆ ತುಂಬಿ ಬರುತ್ತವೆ. ಜಾಂಬಿಯಾದ ಲುಸಾಕಾ ನಗರದ ತೊಂದರೆ ಇದಕ್ಕೆ ನೇರ ವಿರುದ್ಧ. ಅಲ್ಲಿ ಕೆಳಗಿರುವುದು ಬಿರುಕು ಬಿಟ್ಟ ಸುಣ್ಣಕಲ್ಲು. ಗುಂಡಿಯ ಹೊಲಸು ಸಲೀಸಾಗಿ ಪಕ್ಕದ ಬಾವಿಗೆ ಇಳಿಯುತ್ತದೆ. 2023ರ ಅಕ್ಟೋಬರಿನಲ್ಲಿ ಶುರುವಾದ ಕಾಲರಾಕ್ಕೆ ಆ ದೇಶದಲ್ಲಿ 700ಕ್ಕೂ ಹೆಚ್ಚು ಜನ ಸತ್ತರು. ರಾಜಧಾನಿಯ ಹೀರೋಸ್ ಕ್ರೀಡಾಂಗಣವನ್ನೇ ಆಸ್ಪತ್ರೆ ಮಾಡಬೇಕಾಯಿತು. ಊರು ಕಟ್ಟುವವರು ಮೊದಲು ಮಣ್ಣನ್ನು ಕೇಳಬೇಕು. ನವಲಗುಂದದ ಹೊಸ ಲೇಔಟುಗಳಲ್ಲಿ ರಸ್ತೆ ಮೊದಲು ಬರುತ್ತದೆ, ಮನೆ ಆಮೇಲೆ, ಗಟಾರ ಎಲ್ಲಕ್ಕಿಂತ ಕೊನೆಗೆ.

ಪಕ್ಕದ ಅಣ್ಣಿಗೇರಿಯಲ್ಲಿ 2010ರಲ್ಲಿ ಗಟಾರ ಅಗೆಯುವಾಗ ಸಾಲುಸಾಲು ತಲೆಬುರುಡೆ ಸಿಕ್ಕಿ ನಾಡೆಲ್ಲ ಅಲ್ಲಿಗೆ ಓಡಿತು. ಇತಿಹಾಸಕಾರರು ಬಂದರು, ಟಿವಿಯವರು ಬಂದರು, ಮಂತ್ರಿಗಳು ಬಂದರು. ಬರಬೇಕಾದದ್ದೇ. ಒಂದು ಸಣ್ಣ ಊರಿಗೆ ಗಟಾರ ಎಷ್ಟು ಅಗತ್ಯವಾಗಿತ್ತು ಎಂಬುದರ ಬಗ್ಗೆಯೂ ಅಷ್ಟೇ ಮಾತು ನಡೆದಿದ್ದರೆ ಈ ಭಾಗಕ್ಕೆ ಉಪಕಾರವಾಗುತ್ತಿತ್ತು.

ಓಣಿಯಲ್ಲಿ ಎಲ್ಲರ ಬಾಯಲ್ಲಿದ್ದ ದೂರು ದಂಡದ್ದು. ರಾಜ್ಯ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಎಡೆಗೊಟ್ಟ ಮನೆಗಳಿಗೆ ದಂಡ ಗೊತ್ತು ಮಾಡಿತು: ಪೇಟೆಯ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200. ದೊಡ್ಡ ನಗರಗಳ ಕಟ್ಟಡ ಮಾಲೀಕರಿಗೆ, ನೀರು ನಿಲ್ಲಿಸಿ ಮರೆಯುವವರಿಗೆ ಈ ದಂಡ ಬೇಕು. ಇಲ್ಲಿ ಕೇಳುವ ಪ್ರಶ್ನೆ ಬೇರೆ. ನಳ ದಿನಾ ಬಂದರೆ ಬ್ಯಾರಲ್ ಯಾರಿಗೆ ಬೇಕು? ಕೂಡಿಟ್ಟವಳಿಗೆ ದಂಡ ಇದೆ, ಕೂಡಿಡುವಂತೆ ಮಾಡಿದ್ದಕ್ಕೆ ಇಲ್ಲ. ಓಣಿಯವರ ಬೇಡಿಕೆಗಳು ಮಾತ್ರ ಬಹಳ ಸಣ್ಣವು. ನೀರು ಬಿಡುವ ದಿನ, ವೇಳೆ ಮೊದಲೇ ತಿಳಿಸಬೇಕು. ಒಡೆದ ಪೈಪು ಗಟಾರದ ಮಗ್ಗುಲಲ್ಲಿ ದಿನಗಟ್ಟಲೆ ಸೋರುತ್ತ ಬೀಳಬಾರದು. ಬ್ಯಾರಲ್ಲಿಗೆ ಬಿಗಿಯಾಗಿ ಕೂರುವ ಮುಚ್ಚಳವನ್ನಾದರೂ ಪುರಸಭೆ ಕೊಡಬೇಕು. ಈ ಮೂರನೆಯದನ್ನು ಹೇಳಿದವಳು ಲಾರ್ವಾ ನೋಡಲು ಬಂದಿದ್ದ ಆಶಾ ಕಾರ್ಯಕರ್ತೆಯೇ. ಚೀಟಿಯಲ್ಲಿ ಮನೆಯ ನಂಬರ್ ಬರೆದುಕೊಂಡು, ಬ್ಯಾರಲ್ಲಿನ ಸೀರೆತುಂಡನ್ನು ತಾನೇ ಬಿಗಿದು ಕಟ್ಟಿ, ಅವಳು ಮುಂದಿನ ಮನೆಯ ಬಾಗಿಲು ಬಡಿದಳು.