ಒಪಿಜಿಯಲ್ಲಿ ಕಾಣದ್ದೂ ಉಂಟು

"ಒಪಿಜಿ ತೆಗೆದಾಯ್ತು, ಏನೂ ಇಲ್ಲ." ಹಲ್ಲಿನ ಡಾಕ್ಟರಲ್ಲಿಗೆ ಹೋಗಿ ಬಂದವರು ಮನೆಯಲ್ಲಿ ಹೀಗೆ ಹೇಳುವುದುಂಟು. ಆದರೆ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ ಎಂದ ಮಾತ್ರಕ್ಕೆ ಬಾಯಲ್ಲಿ ಏನೂ ಇಲ್ಲ ಎಂದು ಅರ್ಥವಲ್ಲ.

ತಲೆಯ ಸುತ್ತ ತಿರುಗಿ ಎರಡೂ ದವಡೆಗಳನ್ನು ಒಂದೇ ಚಿತ್ರದಲ್ಲಿ ತೋರಿಸುವ ಎಕ್ಸ್‌ರೇಗೆ ಒಪಿಜಿ ಎನ್ನುತ್ತಾರೆ. ಫಿನ್ಲೆಂಡಿನ ಯೂರ್ಯೊ ಪಾಟೆರೊ ಕಳೆದ ಶತಮಾನದ ನಡುವಿನಲ್ಲಿ ಇದನ್ನು ರೂಪಿಸಿದರು. ಅಡ್ಡ ಬಿದ್ದ ಬುದ್ಧಿಹಲ್ಲು, ದವಡೆಯ ಮುರಿತ, ಮಕ್ಕಳಲ್ಲಿ ಇನ್ನೂ ಹುಟ್ಟದ ಹಲ್ಲು, ಎಲುಬಿನೊಳಗಿನ ಗಡ್ಡೆ ಇವನ್ನೆಲ್ಲ ನೋಡಲು ಇದು ಒಳ್ಳೆಯದು.

ಆದರೆ ಸೂಕ್ಷ್ಮ ವಿವರ ಇದರಲ್ಲಿ ಸಿಗುವುದಿಲ್ಲ. ಅಕ್ಕಪಕ್ಕದ ಹಲ್ಲುಗಳ ನೆರಳು ಒಂದರ ಮೇಲೊಂದು ಬೀಳುವುದರಿಂದ ಹಲ್ಲುಗಳ ನಡುವೆ ಈಗಷ್ಟೇ ಶುರುವಾದ ಹುಳುಕು ತಪ್ಪಿಹೋಗಬಹುದು. ಅದಕ್ಕೆ ಬಾಯೊಳಗೆ ಫಿಲ್ಮ್ ಇಟ್ಟು ತೆಗೆಯುವ ಸಣ್ಣ ಎಕ್ಸ್‌ರೇ ಬೇಕು. ಮುಂದಿನ ಹಲ್ಲುಗಳ ಮೇಲೆ ಕುತ್ತಿಗೆ ಎಲುಬಿನ ನೆರಳು ಬೀಳುತ್ತದೆ. ಗಲ್ಲ ಸರಿಯಾಗಿ ಇಡದಿದ್ದರೆ, ನಡುವೆ ಅಲುಗಾಡಿದರೆ ಚಿತ್ರ ಮಸುಕಾಗುತ್ತದೆ. ಕಿವಿಯ ಅಲಿಕತ್ತ್, ಓಲೆ, ಸರ, ಶಾಲಿಗೆ ಚುಚ್ಚಿದ ಪಿನ್ ತೆಗೆಯದಿದ್ದರೆ ಅವುಗಳ ನೆರಳು ಎದುರು ಬದಿಯ ದವಡೆಯ ಮೇಲೂ ಮೂಡಿ ರೋಗದಂತೆ ತೋರಬಹುದು.

ಅಳತೆಯಲ್ಲೂ ಎಚ್ಚರ ಬೇಕು. ಒಪಿಜಿಯಲ್ಲಿ ಹಲ್ಲು, ಎಲುಬು ಸಾಮಾನ್ಯವಾಗಿ ಶೇ. 20ರಿಂದ 30ರಷ್ಟು ದೊಡ್ಡದಾಗಿ ಕಾಣುತ್ತವೆ, ಅದೂ ಎಲ್ಲ ಕಡೆ ಒಂದೇ ಸಮ ಅಲ್ಲ. ಬುದ್ಧಿಹಲ್ಲಿನ ಬೇರು ನರಕ್ಕೆ ತಾಗಿದಂತೆ ಕಂಡರೂ ನರ ಅದರ ಒಳಬದಿಗಿದೆಯೋ ಹೊರಬದಿಗಿದೆಯೋ ತಿಳಿಯದು. ಅಂಥಲ್ಲಿ, ಕೆಲವೊಮ್ಮೆ ಇಂಪ್ಲಾಂಟ್ ಹಾಕುವ ಮೊದಲು ಕೂಡ, ಡಾಕ್ಟರು ಸಿಬಿಸಿಟಿ ಸ್ಕ್ಯಾನ್ ಕೇಳುತ್ತಾರೆ. ಅದು ಸುಮ್ಮನೆ ಖರ್ಚು ಮಾಡಿಸುವುದಲ್ಲ.

ಎಲ್ಲಕ್ಕಿಂತ ಮುಖ್ಯ ಸಂಗತಿ ಇದು: ಒಪಿಜಿ ತೋರಿಸುವುದು ಹಲ್ಲು ಮತ್ತು ಎಲುಬನ್ನು. ನಾಲಗೆ, ಕೆನ್ನೆಯ ಒಳಭಾಗ, ವಸಡಿನ ಚರ್ಮದಲ್ಲಿ ಆಗುವ ಬದಲಾವಣೆ ಅದರಲ್ಲಿ ಕಾಣುವುದಿಲ್ಲ. ನಮ್ಮ ಕರಾವಳಿಯಲ್ಲಿ ಎಲೆ-ಅಡಿಕೆ ಜಗಿಯುವ ಹಿರಿಯರು, ಗುಟ್ಕಾ ಹಾಕುವ ಯುವಕರು ಇದ್ದಾರೆ. ಅಡಿಕೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಖಾರ ತಾಗಿದರೆ ಉರಿ, ಬಾಯಿ ಮೊದಲಿನಷ್ಟು ತೆರೆಯಲು ಆಗದಿರುವುದು ಇವು ಇದ್ದರೆ ಒಪಿಜಿ ಚೆನ್ನಾಗಿದೆ ಎಂದು ಸುಮ್ಮನಿರಬೇಡಿ. ಕ್ಯಾನ್ಸರ್ ಎಲುಬಿಗೆ ಇಳಿದ ಮೇಲಷ್ಟೇ ಎಕ್ಸ್‌ರೇಯಲ್ಲಿ ಅದರ ಗುರುತು ಕಾಣಬಹುದು. ಅಲ್ಲಿಯವರೆಗೆ ಕಾಯಬಾರದು. ಡಾಕ್ಟರು ಬಾಯಿ ಒಳಗೆ ಬೆರಳಿಟ್ಟು, ಬೆಳಕು ಹಾಕಿ ನೋಡಬೇಕು. ಅನುಮಾನ ಇದ್ದರೆ ಚೂರು ತೆಗೆದು ಬಯಾಪ್ಸಿಗೆ ಕಳುಹಿಸಬೇಕು.

ಒಪಿಜಿಯ ವಿಕಿರಣ ತೀರಾ ಕಡಿಮೆ, ಹೆದರಬೇಕಿಲ್ಲ. ಹಾಗೆಂದು ಪದೇ ಪದೇ ತೆಗೆಸುವುದೂ ಬೇಡ. ಗಲ್ಫಿನಲ್ಲಿ ತೆಗೆಸಿದ್ದಾದರೂ ಸರಿ, ಹಳೆಯ ಫಿಲ್ಮ್ ಅಥವಾ ಸಿಡಿ ಜೋಪಾನವಾಗಿ ಇಟ್ಟು ಡಾಕ್ಟರಿಗೆ ತೋರಿಸಿ. ಗರ್ಭಿಣಿಯಾಗಿದ್ದರೆ ಮೊದಲೇ ಹೇಳಿ. "ಇದರಲ್ಲಿ ಕಾಣದ್ದು ಏನಾದರೂ ಇರಬಹುದಾ ಡಾಕ್ಟ್ರೇ?" ಎಂದು ಕೇಳಲು ಸಂಕೋಚ ಬೇಡ.