ಚೋಕ್ ಎಳೆದರೆ ಮಾತ್ರ ಉಸಿರು!

ಹಳೆಯ ಕಾರು ಕೆಮ್ಮಿದರೆ ಮೊದಲ ಬೈಗುಳ ಬೀಳುವುದು ಕಾರ್ಬುರೇಟರ್‌ಗೆ. ನಮ್ಮ ಅಜ್ಜನ ಪ್ರೀಮಿಯರ್ ಪದ್ಮಿನಿಗೂ ಅದೇ ಆಯಿತು. ‘ಕಾರ್ಬುರೇಟರ್ ಹೋಗಿದೆ, ಗುಜರಿಗೆ ಹಾಕಿ’ ಎಂದರು ಮೆಕ್ಯಾನಿಕ್. ಬಿಇ ಮೆಕ್ಯಾನಿಕಲ್ ಓದುತ್ತಿರುವ ಮೊಮ್ಮಗನಿಗೆ ಸಿಕ್ಕಿದ್ದು ಒಂದೇ ಭಾನುವಾರ.

ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಪರೀಕ್ಷೆಯಲ್ಲಿ ಇದಕ್ಕೆ ಎರಡು ಅಂಕ. ಈ ಲೆಕ್ಕ ತಪ್ಪಿದಾಗ 1089 ಸಿಸಿ ಎಂಜಿನ್ ಏನು ಮಾಡುತ್ತದೆ ಎಂದು ಕ್ಲಾಸಿನಲ್ಲಿ ಯಾರೂ ಕೇಳಿಸಿರಲಿಲ್ಲ.

ಓಡುವಾಗ ಕಾರು ಸರಿಯಿತ್ತು. ಆಕ್ಸಲರೇಟರ್ ಬಿಟ್ಟೊಡನೆ ಆಫ್. ಚೋಕ್ ಎಳೆದರೆ ಮಾತ್ರ ಉಸಿರಾಡುತ್ತಿತ್ತು. ಪ್ಲಗ್‌ಗಳಲ್ಲಿ ಕಿಡಿ ಚೆನ್ನಾಗಿತ್ತು. ಹಾಗಾದರೆ ಎಲ್ಲಿಂದಲೋ ಗಾಳಿ ನುಸುಳುತ್ತಿರಬೇಕು, ಇಲ್ಲವೇ ಐಡ್ಲಿಂಗ್‌ಗೆ ಪೆಟ್ರೋಲ್ ಸಾಲುತ್ತಿಲ್ಲ. ಕಾರ್ಬುರೇಟರ್ ಬುಡದ ಗ್ಯಾಸ್ಕೆಟ್ ಸುತ್ತ ಎಂಜಿನ್ ಆಯಿಲ್ ಸವರಿದೆ. ಗಾಳಿ ಸೋರುತ್ತಿದ್ದರೆ ಸದ್ದು ಬದಲಾಗಬೇಕಿತ್ತು, ಆಗಲಿಲ್ಲ.

ಉಳಿದದ್ದು ಐಡಲ್ ಜೆಟ್. ಕೂದಲೆಳೆಯಂಥ ತೂತಿರುವ ಪುಟ್ಟ ಹಿತ್ತಾಳೆ ತುಂಡು. ಬಿಚ್ಚಿ ಬೆಳಕಿಗೆ ಹಿಡಿದರೆ ಆಚೆ ಏನೂ ಕಾಣಲಿಲ್ಲ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಪೆಟ್ರೋಲ್ ಆವಿಯಾಗಿ ಅಂಟು ಉಳಿದಿತ್ತು. ಅಜ್ಜ ಪಿನ್ನು ತಂದರು.

‘ಬೇಡ ಅಜ್ಜ, ತೂತು ದೊಡ್ಡದಾದ್ರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತೆ.’

‘ಈಗಲೇನು ಕಡಿಮೆ ಕುಡಿಯುತ್ತಾ?’

ಕ್ಲೀನರ್‌ನಲ್ಲಿ ನೆನೆಸಿ, ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿದೆ. ತೂತಿನಾಚೆ ಆಕಾಶ ಕಂಡಿತು. ಜೋಡಿಸಿ ಸ್ಟಾರ್ಟ್ ಮಾಡಿದರೆ ಚೋಕ್ ಇಲ್ಲದೆಯೇ ಗುರುಗುಟ್ಟಿತು. ಗುಜರಿ ಮಾತು ಸದ್ಯಕ್ಕೆ ನಿಂತಿದೆ.

ಮುಂದಿನ ಭಾನುವಾರ ಪೆಟ್ರೋಲ್ ಪೈಪಿನ ಸರದಿ. ಎಥೆನಾಲ್ ಬೆರೆತ ಈಗಿನ ಪೆಟ್ರೋಲ್‌ಗೆ ಆ ಕಾಲದ ರಬ್ಬರ್ ಬಹಳ ದಿನ ತಡೆಯದು.